ನರಕ್ಕೆ ಇಂಜೆಕ್ಷನ್ನು, ಅದಕ್ಕೂ ಮೊದಲು ಸ್ಕ್ಯಾನು

"ಕತ್ತರಿ ಇಲ್ಲ, ಹೊಲಿಗೆ ಇಲ್ಲ, ಇಂಜೆಕ್ಷನ್ ತಗೊಂಡು ಅರ್ಧ ಗಂಟೇಲಿ ಮನೆಗೆ..." ವೆರಿಕೋಸ್ ವೇನ್ಸ್ ಬಗ್ಗೆ ಇಂಥ ಜಾಹೀರಾತು ನೀವೂ ನೋಡಿರ್ತೀರಿ. ಇದು ಸುಳ್ಳು ಅಂತ ನಾನು ಹೇಳ್ತಿಲ್ಲ. ನನ್ನ ತಕರಾರು ಹೇಳದೆ ಬಿಟ್ಟ ಮಾತಿನ ಬಗ್ಗೆ.

ಮೊದಲಿಗೆ ಒಂದು ಭಾಷೆಯ ತೊಡಕು. ನಾವು ನರ್ವ್‌ಗೂ ನರ ಅಂತೀವಿ, ರಕ್ತನಾಳಕ್ಕೂ ನರ ಅಂತೀವಿ. "ನರ ಮುಚ್ತಾರಂತೆ" ಅಂದ ಕೂಡಲೇ ಕಾಲು ಸ್ವಾಧೀನ ತಪ್ಪಿದ್ರೆ ಏನು ಗತಿ ಅಂತ ಹೆದರಿ ನಮ್ಮ ಚಿಕ್ಕಮ್ಮ ವರ್ಷಗಟ್ಟಲೆ ಡಾಕ್ಟರ ಹತ್ರ ಹೋಗ್ಲೇ ಇಲ್ಲ. ಅವರು ಸ್ಕೂಲ್ ಟೀಚರ್, ದಿನವಿಡೀ ನಿಂತೇ ಪಾಠ. ನಿಜವಾಗಿ ಮುಚ್ಚೋದು ಚರ್ಮದ ಕೆಳಗಿನ ಕೆಟ್ಟ ರಕ್ತನಾಳವನ್ನ. ಕಾಲಿನ ರಕ್ತವನ್ನ ಮೇಲಕ್ಕೆ ಒಯ್ಯೋ ಮುಖ್ಯ ಕೆಲಸ ಆಳದ ನಾಳಗಳದ್ದು, ಅವು ನೆಟ್ಟಗಿದ್ರೆ ಚಿಂತೆಯಿಲ್ಲ.

ಆದ್ರೆ ಉಬ್ಬಿ ಕಾಣೋದು ಮೀನಖಂಡದಲ್ಲಿ, ಕೆಟ್ಟಿರೋದು ಬಹಳ ಸಲ ತೊಡೆಸಂದಿ ಹತ್ರದ ಕವಾಟ. ಅದು ಸೋರ್ತಾ ಇರುವಾಗ ಕೆಳಗಿನ ಗಂಟುಗಳಿಗಷ್ಟೇ ಚುಚ್ಚಿದ್ರೆ ಮತ್ತೆ ಉಬ್ಬೋ ಸಾಧ್ಯತೆ ಹೆಚ್ಚು. ನಮ್ಮ ಆಫೀಸಿನ ಭಾಷೇಲಿ ಹೇಳೋದಾದ್ರೆ, ಬಗ್ ಸರ್ವರ್‌ನಲ್ಲಿ, ಪ್ಯಾಚ್ ಸ್ಕ್ರೀನ್ ಮೇಲೆ! ಸೋರಿಕೆ ಎಲ್ಲಿ, ಆಳದ ನಾಳ ಹೇಗಿದೆ ಅಂತ ತೋರಿಸೋದು ಡಾಪ್ಲರ್ ಸ್ಕ್ಯಾನ್. ಅದಿಲ್ಲದೆ ಉಬ್ಬಿದ ನಾಳಕ್ಕೆ ಸೂಜಿ ಹಾಕ್ತೀನಿ ಅನ್ನೋರ ಮುಂದೆ ಕಾಲು ಚಾಚಲೇಬಾರದು ಅಂತೀನಿ ನಾನು.

ಇಂಜೆಕ್ಷನ್ ಮಾಡೋ ಕೆಲಸ ಮಾತ್ರ ಮಜವಾಗಿದೆ. ಪಾಲಿಡೋಕನಾಲ್‌ನಂಥ ಔಷಧಿ ನಾಳದ ಒಳಪದರವನ್ನ ಕೆಡಿಸುತ್ತೆ, ಗೋಡೆಗಳು ಅಂಟಿಕೊಂಡು ನಾಳ ಮುಚ್ಚಿಹೋಗುತ್ತೆ. ದೊಡ್ಡ ನಾಳಕ್ಕಾದ್ರೆ ನೊರೆ ಬೇಕು. ಎರಡು ಸಿರಿಂಜ್, ಮಧ್ಯೆ ಮೂರು ದಾರಿಯ ಪುಟ್ಟ ನಲ್ಲಿ. ಔಷಧಿ ಮತ್ತು ಗಾಳಿಯನ್ನ ಆ ಕಡೆ ಈ ಕಡೆ ತಳ್ತಾ ಇದ್ರೆ ನೊರೆ ರೆಡಿ. ಇಟಲಿಯ ಟೆಸ್ಸಾರಿ ಅನ್ನೋರ ಉಪಾಯ ಇದು (ನಮ್ಮ ಹೋಟೆಲಿನವರು ಕಾಫಿ ಎತ್ತಿ ಹೊಯ್ಯೋ ಹಾಗೆ!). ದ್ರವ ರಕ್ತದಲ್ಲಿ ಬೆರೆತು ತೆಳುವಾಗುತ್ತೆ, ನೊರೆ ರಕ್ತವನ್ನ ಪಕ್ಕಕ್ಕೆ ತಳ್ಳಿ ಗೋಡೆಗೆ ತಾಗುತ್ತೆ.

ಬ್ರಿಟನ್ನಿನ ನೈಸ್ ಸಂಸ್ಥೆಯ 2013ರ ಮಾರ್ಗಸೂಚಿ ಪ್ರಕಾರ ಸೋರೋ ಮುಖ್ಯ ನಾಳಕ್ಕೆ ಮೊದಲು ಲೇಸರ್ ಅಥವಾ ರೇಡಿಯೋ ತರಂಗದ ಶಾಖ, ಅದು ಹೊಂದದಿದ್ರೆ ನೊರೆ, ಆಮೇಲೆ ಆಪರೇಷನ್. ಅಲ್ಲಿನ 798 ಜನರ ಅಧ್ಯಯನದ ಐದು ವರ್ಷದ ಫಲಿತಾಂಶ 2019ರಲ್ಲಿ ಬಂತು. ಕಾಲಿನ ತೊಂದರೆ ಮಟ್ಟಿಗೆ ನೊರೆಯವರಿಗಿಂತ ಲೇಸರ್, ಆಪರೇಷನ್ ಮಾಡಿಸಿಕೊಂಡೋರೇ ವಾಸಿ. ಹಾಗಂತ ಇಂಜೆಕ್ಷನ್ ದಂಡ ಅಲ್ಲ. ಜೇಡರಬಲೆಯಂಥ ಸಣ್ಣ ನಾಳಕ್ಕೆ, ಲೇಸರ್ ನಂತರ ಉಳಿದ ಗಂಟಿಗೆ ಅದೇ ಸರಿ. ಕಂದು ಕಲೆ ತಿಂಗಳುಗಟ್ಟಲೆ ಉಳಿಯಬಹುದು, ಅಪರೂಪಕ್ಕೆ ಆಳದಲ್ಲಿ ರಕ್ತ ಹೆಪ್ಪುಗಟ್ಟಬಹುದು ಅಂತ ಮುಂಚೆಯೇ ಹೇಳಬೇಕಪ್ಪ.

ಇದೆಲ್ಲ ಬರೀ ಅಂದಕ್ಕೆ ಅನ್ನೋರೂ ಇದ್ದಾರೆ. ಬಸ್ ಕಂಡಕ್ಟರು, ಹೋಟೆಲ್ ಅಡುಗೆಯವರು, ನರ್ಸುಗಳು ಅಂದಕ್ಕೆ ಬರೋದಿಲ್ಲ ಸ್ವಾಮಿ. ಪಾದದ ಗಂಟಿನ ಹತ್ರ ಚರ್ಮ ಕಪ್ಪಾಗಿ, ಹುಣ್ಣು ಮಾಯದೇ ಇದ್ದಾಗ ಬರ್ತಾರೆ. ಸ್ಕ್ಯಾನ್ ದುಡ್ಡು ಉಳಿಸೋಣ ಅಂತ ಅನ್ನಿಸೋದೂ ಅವರಿಗೇ. ನಿಮ್ಮೂರ ಸರ್ಕಾರಿ ಆಸ್ಪತ್ರೇಲಿ ಕಾಲಿನ ಡಾಪ್ಲರ್ ಮಾಡ್ತಾರಾ?