ಆ್ಯಂಡ್, ಆರ್, ಸಿನ್ಸ್ – ಮತ್ತು ನಮ್ಮ ಕನ್ನಡ

ಆಡಳಿತಕ್ಕೂ ಕಾನೂನಿಗೂ ಬೇಕಾದ ಖಚಿತತೆ ಇಂಗ್ಲಿಷಿಗೆ ಮಾತ್ರ ಸಾಧ್ಯ, ಕನ್ನಡಕ್ಕೆ ಅದು ಒಗ್ಗದು ಎಂಬ ಮಾತನ್ನು ಮುಂಬಯಿಯ ನಮ್ಮ ವಿದ್ಯಾವಂತರ ಬಾಯಲ್ಲಿ ಆಗಾಗ ಕೇಳುತ್ತೇನೆ. ಕೇಂದ್ರ ಸರಕಾರದ ಕಡತಗಳ ನಡುವೆಯೇ ಆಯುಷ್ಯದ ಬಹುಭಾಗವನ್ನು ಕಳೆದ ನನಗೆ ಈ ಮಾತು ಒಪ್ಪಿಗೆಯಾಗಿಲ್ಲ. ಇಂಗ್ಲಿಷಿನ ಅತಿ ಸಣ್ಣ ಪದಗಳಾದ ಸಂಯೋಜಕ ಅವ್ಯಯಗಳನ್ನೇ ಪರೀಕ್ಷಿಸಿ ನೋಡಬಹುದು.

1940ರ ಔಷಧ ಕಾಯಿದೆಯಲ್ಲಿ ‘ಡ್ರಗ್’ ಎಂಬುದರ ವ್ಯಾಖ್ಯೆಯೊಳಗೆ ಔಷಧಿಗಳು, ಚಿಕಿತ್ಸೆಗೆ ಬಳಸುವ ದ್ರವ್ಯಗಳು ಎಂಬೆರಡು ಮಾತುಗಳ ನಡುವೆ ಒಂದು ‘ಆ್ಯಂಡ್’ ಇದೆ. ಹಾಗಾದರೆ ವಸ್ತುವೊಂದು ಔಷಧಿಯೂ ಆಗಿರಬೇಕೆ, ದ್ರವ್ಯವೂ ಆಗಿರಬೇಕೆ? ಈಶ್ವರ್ ಸಿಂಗ್ ಬಿಂದ್ರಾ ಮೊಕದ್ದಮೆಯಲ್ಲಿ ಇದು ಸರ್ವೋಚ್ಚ ನ್ಯಾಯಾಲಯದವರೆಗೂ ಹೋಯಿತು. ಅಲ್ಲಿ ಆ ‘ಆ್ಯಂಡ್’ ಅನ್ನು ‘ಆರ್’ ಎಂಬಂತೆ ಓದಬೇಕಾಯಿತು. ಇದು ಇಂಗ್ಲಿಷಿನ ಖಚಿತತೆ! ಇನ್ನು ‘ಆ್ಯಂಡ್’ ಮತ್ತು ‘ಆರ್’ಗಳ ನಡುವೆ ಓರೆಗೆರೆ ಎಳೆದು ಹುಟ್ಟಿಸಿದ ಜೋಡುಪದವನ್ನು ಇಂಗ್ಲೆಂಡಿನ ಲಾರ್ಡ್ ಚಾನ್ಸಲರ್ ಸೈಮನ್ ಅವರೇ 1940ರ ದಶಕದಲ್ಲಿ ತೀರ್ಪೊಂದರಲ್ಲಿ ಕಟುವಾಗಿ ಹಳಿದಿದ್ದರು. ನಮ್ಮ ಕಚೇರಿಗಳು ಅದನ್ನು ಇಂದಿಗೂ ಬಿಟ್ಟಿಲ್ಲ.

ಕನ್ನಡದ ಕ್ರಮವೇ ಬೇರೆ. ಇಲ್ಲಿ ಸಂಬಂಧವನ್ನು ಸೂಚಿಸುವ ‘ಊ’ ಮತ್ತು ‘ಓ’ ಒಂದೊಂದು ಪದಕ್ಕೂ ಅಂಟಿಕೊಂಡು ಬರುತ್ತವೆ. ಕೇಶಿರಾಜನು ಹದಿಮೂರನೆಯ ಶತಮಾನದಲ್ಲಿಯೇ ಅವ್ಯಯಗಳಿಗಾಗಿ ಒಂದು ಪ್ರಕರಣವನ್ನು ಮೀಸಲಿಟ್ಟ ನಾಡು ನಮ್ಮದು. ಆದರೂ ಅನುವಾದ ಮಾಡಲು ಕುಳಿತೊಡನೆ ನಾವು ಎಲ್ಲವನ್ನೂ ‘ಮತ್ತು’, ‘ಅಥವಾ’ಗಳಿಗೆ ಒಪ್ಪಿಸಿಬಿಡುತ್ತೇವೆ.

ಇದರ ಫಲವನ್ನು ಉಪನಗರದ ಕನ್ನಡ ಸಂಸ್ಥೆಯೊಂದರಲ್ಲಿ ಕಂಡೆ. ಇಂಗ್ಲಿಷಿನಿಂದ ಅಕ್ಷರಶಃ ಇಳಿಸಿಕೊಂಡ ಅದರ ನಿಯಮಾವಳಿಯಲ್ಲಿ, ಚೆಕ್ಕುಗಳಿಗೆ ‘ಅಧ್ಯಕ್ಷರು ಅಥವಾ ಕಾರ್ಯದರ್ಶಿ ಮತ್ತು ಕೋಶಾಧಿಕಾರಿ’ ಸಹಿ ಮಾಡತಕ್ಕದ್ದು ಎಂದಿತ್ತು. ಅಧ್ಯಕ್ಷರೊಬ್ಬರ ಸಹಿಯೇ ಸಾಕೆಂದು ಒಂದು ಪಂಗಡ. ಯಾರು ಸಹಿ ಮಾಡಿದರೂ ಜೊತೆಗೆ ಕೋಶಾಧಿಕಾರಿ ಬೇಕೇ ಬೇಕೆಂದು ಇನ್ನೊಂದು. ರಾತ್ರಿಶಾಲೆಯ ಹುಡುಗರ ವಿದ್ಯಾರ್ಥಿವೇತನ ಎರಡು ತಿಂಗಳು ನಿಂತುಹೋಯಿತು. ‘ಅಧ್ಯಕ್ಷರೋ ಕಾರ್ಯದರ್ಶಿಯೋ ಒಬ್ಬರು, ಅವರೊಂದಿಗೆ ಕೋಶಾಧಿಕಾರಿಯೂ’ ಎಂದು ಬರೆದಿದ್ದರೆ ಜಗಳಕ್ಕೆ ಎಡೆಯೆಲ್ಲಿತ್ತು? (ಜಗಳವಾಡಲೇಬೇಕೆಂದಿದ್ದವರಿಗೆ ಬೇರೆ ಕಾರಣ ಸಿಗುತ್ತಿತ್ತು, ಆ ಮಾತು ಬೇರೆ.)

ನೆರೆಯ ಮರಾಠಿಯೂ ಈ ವಿಷಯದಲ್ಲಿ ಜಾಣೆ. ‘ಚಹಾ ಹವಾ ಕೀ ಕಾಫೀ’ ಎಂದರೆ ಎರಡರಲ್ಲೊಂದನ್ನು ಆರಿಸಿ ಹೇಳಬೇಕು. ಹೇಳಿಕೆಯ ವಾಕ್ಯದಲ್ಲಾದರೆ ‘ಕಿಂವಾ’ ಬರುತ್ತದೆ. ನಮ್ಮ ‘ಚಹಾ ಬೇಕೋ ಕಾಫಿ ಬೇಕೋ’ ಕೂಡ ಅಷ್ಟೇ ಸ್ಪಷ್ಟ. ಇಂಗ್ಲಿಷಿನ ‘ಆರ್’ ಮಾತ್ರ ಈ ವ್ಯತ್ಯಾಸವನ್ನು ದನಿಯ ಏರಿಳಿತಕ್ಕೆ ಬಿಡುತ್ತದೆ. ಕಾಗದಕ್ಕೆ ದನಿಯಿಲ್ಲ.

ಕನ್ನಡದಲ್ಲಿ ತೊಡಕೇ ಇಲ್ಲವೆಂದು ನನ್ನ ವಾದವಲ್ಲ. ನಮ್ಮ ‘ಆದರೆ’ ಷರತ್ತಿಗೂ ಬರುತ್ತದೆ, ವಿರೋಧಕ್ಕೂ ಬರುತ್ತದೆ. ಕಾರಣ ಹೇಳುವಲ್ಲಿ ಇಂಗ್ಲಿಷಿನ ಸೂಕ್ಷ್ಮತೆಯನ್ನು ಮೆಚ್ಚಲೇಬೇಕು: ‘ಬಿಕಾಸ್’ ಕಾರಣವನ್ನೇ ಮುಂದಿಡುತ್ತದೆ, ‘ಸಿನ್ಸ್’ ಮತ್ತು ‘ಆ್ಯಸ್’ ಎಲ್ಲರಿಗೂ ತಿಳಿದ ಕಾರಣವನ್ನು ನೆನಪಿಸುತ್ತವೆ, ‘ಫಾರ್’ ಹೇಳಿದ್ದಕ್ಕೆ ಸಮರ್ಥನೆಯನ್ನು ಆಮೇಲೆ ಸೇರಿಸುತ್ತದೆ. ಆದರೆ ಇದೇ ‘ಸಿನ್ಸ್’ ಕಾಲವನ್ನೂ ಸೂಚಿಸುವುದರಿಂದ ಕಚೇರಿಗಳಲ್ಲಿ ಅದಕ್ಕೆ ವಿಶೇಷ ಮರ್ಯಾದೆ.

1963ರ ಅಧಿಕೃತ ಭಾಷಾ ಅಧಿನಿಯಮದ 3(3)ನೆಯ ಕಲಮಿನಂತೆ ನಮ್ಮ ಸಾಮಾನ್ಯ ಆದೇಶಗಳು ಹಿಂದಿಯಲ್ಲಿಯೂ ಇಂಗ್ಲಿಷಿನಲ್ಲಿಯೂ ಹೊರಡಬೇಕು. ಇಂಗ್ಲಿಷಿನ ‘ಸಿನ್ಸ್’ ಕಂಡೊಡನೆ ಹಿಂದಿ ಅನುವಾದಕರು ‘ಜಬ್ ಸೇ’ ಎನ್ನಲೋ ‘ಚೂಂಕಿ’ ಎನ್ನಲೋ ಎಂದು ಕೇಳಿಕೊಂಡು ಬರುತ್ತಾರೆ. ಕನ್ನಡಿಗನಿಗೂ ಅದೇ ಪ್ರಶ್ನೆ. ‘ಮುಂಬಯಿಗೆ ವರ್ಗವಾದಂದಿನಿಂದ ಭತ್ಯೆ ಸಂದಿಲ್ಲ’ ಎಂದರೆ ಅದು ನೌಕರನ ದೂರು. ‘ವರ್ಗವಾದುದರಿಂದ ಭತ್ಯೆ ಸಂದಿಲ್ಲ’ ಎಂದರೆ ಕಚೇರಿಯ ಸಮಜಾಯಿಷಿ. ಇಂಗ್ಲಿಷಿನ ಒಂದೇ ವಾಕ್ಯ ಇಬ್ಬರ ಪರವಾಗಿಯೂ ನಿಲ್ಲುತ್ತದೆ, ಮತ್ತು ಕಡತ ಮುಚ್ಚುವ ಅಧಿಕಾರ ಇಬ್ಬರಲ್ಲಿ ಒಬ್ಬರಿಗೆ ಮಾತ್ರ ಇರುತ್ತದೆ.