ಮೊದಲ ಲೈನು ಯಾವುದು?

ಕಳೆದ ಭಾನುವಾರ ಬೆಳಿಗ್ಗೆ ಹಳೆಯ ವಿದ್ಯಾರ್ಥಿಯೊಬ್ಬ ತಾಯಿಯನ್ನು ಕರೆದುಕೊಂಡು ತುಮಕೂರಿನ ನಮ್ಮ ಮನೆಗೆ ಬಂದಿದ್ದ. ಗುಬ್ಬಿ ತಾಲ್ಲೂಕಿನವರು. ಎಸ್ಸೆಸ್ಸೆಲ್ಸಿಯಲ್ಲಿ ವಿಜ್ಞಾನ ಪಾಸು ಮಾಡಲು ಹೆಣಗಿದ ಹುಡುಗ ಈಗ ಲಾರಿ ಓಡಿಸುವ ಲೈಸೆನ್ಸ್ ಪಡೆದಿದ್ದಾನೆ. ಅದೂ ಸುಲಭದ್ದಲ್ಲ. ವಯಸ್ಸು 20 ತುಂಬಿರಬೇಕು. ಮೊದಲು ಲಘು ವಾಹನದ ಲೈಸೆನ್ಸ್ ಪಡೆದು ಒಂದು ವರ್ಷ ಕಳೆದಿರಬೇಕು.

ಅವನಿಗೆ ಎರಡು ಕಡೆಯಿಂದ ಕರೆ ಬಂದಿದೆ. ಎರಡೂ ಕಾಯಂ ಲೈನು. ಅಂದರೆ ಲೋಡು ತುಂಬುವ ಜಾಗ, ಹೋಗುವ ದಾರಿ, ಇಳಿಸುವ ಜಾಗ ಎಲ್ಲವೂ ಗೊತ್ತಾದದ್ದು. ಒಂದು, ವಸಂತನರಸಾಪುರ ಕೈಗಾರಿಕಾ ಪ್ರದೇಶದಿಂದ ಬೆಂಗಳೂರಿಗೆ. ರಾತ್ರಿ ಮನೆಗೆ ಬರಬಹುದು. ಇನ್ನೊಂದು, ಕುಣಿಗಲ್‌ನಿಂದ ಹಾಸನ, ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿದು ಮಂಗಳೂರಿಗೆ; ರಾತ್ರಿ ಓಟ, ಬಾಟಾ ಹೆಚ್ಚು.

"ಮನೆ ಮೇಲೆ ಸಾಲ ಐತೆ ಮೇಷ್ಟ್ರೇ. ಮಂಗಳೂರು ಲೈನೇ ಹಿಡೀತೀನಿ ಅಂತಾನೆ. ನನಗೆ ನಿದ್ದೆ ಇಲ್ಲ. ನೀವೊಂದು ಮಾತು ಹೇಳಿ" ಎಂದರು ಆ ತಾಯಿ.

ನಾನು ಕಾಗದ, ಪೆನ್ನು ತಂದೆ. ಪ್ರಚ್ಛನ್ನ ಶಕ್ತಿಯ ಪಾಠವನ್ನು ಎಷ್ಟೋ ವರ್ಷ ಮಾಡಿದ್ದೇನೆ. ಅದರಲ್ಲಿ ಲಾರಿಯನ್ನು ಒಮ್ಮೆಯೂ ತಂದಿರಲಿಲ್ಲ. ಸರಕು ಸೇರಿ 25 ಟನ್ ತೂಗುವ ಲಾರಿ 100 ಮೀಟರ್ ಎತ್ತರದಿಂದ ಕೆಳಗಿಳಿದರೆ ಬಿಡುಗಡೆಯಾಗುವ ಶಕ್ತಿ ಸುಮಾರು ಎರಡೂವರೆ ಕೋಟಿ ಜೂಲ್. ಸುಮಾರು 75 ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಲು ಅಷ್ಟು ಸಾಕು. ಶಿರಾಡಿಯಲ್ಲಿ ಇಳಿಯುವ ಎತ್ತರ ಇದರ ಹಲವು ಪಟ್ಟು. ಪೂರ್ತಿ ಬ್ರೇಕನ್ನೇ ನಂಬಿದರೆ ಆ ಶಾಖವೆಲ್ಲ ಬ್ರೇಕಿಗೇ ಹೋಗುತ್ತದೆ. ಮಿತಿಮೀರಿ ಕಾದ ಬ್ರೇಕು ಹಿಡಿಯುವುದಿಲ್ಲ. ಅದಕ್ಕೇ ಕೆಳಗಿನ ಗೇರಿನಲ್ಲಿ ಎಂಜಿನ್‌ನ ಹಿಡಿತದಲ್ಲಿ ಇಳಿಯಬೇಕು. ಡೀಸೆಲ್ ಉಳಿಸಲೆಂದು ನ್ಯೂಟ್ರಲ್‌ಗೆ ಹಾಕುವುದು ಪ್ರಾಣಕ್ಕೆ ಸಂಚಕಾರ.

ರಾತ್ರಿಯ ಲೆಕ್ಕ ಬೇರೆ. ಗಂಟೆಗೆ 60 ಕಿ.ಮೀ. ವೇಗದ ಲಾರಿ ಸೆಕೆಂಡಿಗೆ ಸುಮಾರು 17 ಮೀಟರ್ ಓಡುತ್ತದೆ. ಮೂರು ಸೆಕೆಂಡು ಕಣ್ಣು ಮುಚ್ಚಿದರೆ 50 ಮೀಟರ್ ಕುರುಡು ಓಟ.

ಬೆಂಗಳೂರು ದಾರಿಯೇನೂ ಆಟವಲ್ಲ. ಅಲ್ಲಿ ವೇಗದ ಆಸೆ ಕಾಡುತ್ತದೆ. ವೇಗ ಎರಡು ಪಟ್ಟಾದರೆ ಚಲನ ಶಕ್ತಿ ನಾಲ್ಕು ಪಟ್ಟು. ಆದರೂ ದಿನವೂ ಅದೇ ದಾರಿ. ತಿರುವು, ಹಂಪು, ಜನ ಅಡ್ಡ ಬರುವ ಜಾಗ ಬೇಗ ಪರಿಚಯವಾಗುತ್ತವೆ. ಹೊಸಬನಿಗೆ ಅದೇ ಶಾಲೆ.

"ಹಂಗಾದ್ರೆ ಘಾಟಿ ಕಲಿಯೋದು ಯಾವಾಗ ಸಾರ್?" ಎಂದ ಹುಡುಗ. ಒಳ್ಳೆಯ ಪ್ರಶ್ನೆ. "ಒಂದು ವರ್ಷ ಬೆಂಗಳೂರು ಲೈನು ಓಡಿಸಪ್ಪ. ಆಮೇಲೆ ಅನುಭವಿ ಡ್ರೈವರ್ ಪಕ್ಕದಲ್ಲಿ ಕೂತು ಘಾಟಿ ನೋಡು. ಮೊದಲು ಹಗಲು, ಆಮೇಲೆ ಮಳೆ, ಕಡೆಗೆ ರಾತ್ರಿ" ಎಂದೆ.

ಸಾಲದ ಮಾತೂ ಬಂತು. ಬಾಟಾವನ್ನು ಟ್ರಿಪ್ಪಿನ ಮೇಲೆ ಎಣಿಸಬಾರದು. ಲೋಡಿಗೆ ಕಾಯುವ ಹೊತ್ತು, ಹೋಟೆಲ್ ಊಟ ಎಲ್ಲ ಸೇರಿಸಿ ತಿಂಗಳ ಕೊನೆಗೆ ಕೈಯಲ್ಲಿ ಉಳಿಯುವುದೆಷ್ಟು ಎಂದು ನೋಡಬೇಕು. ಕಾಯುವ ದಿನಕ್ಕೆ ಸಂಬಳವುಂಟೇ? ಪಂಕ್ಚರು, ದಂಡ ಯಾರ ಲೆಕ್ಕ? ಮಲಗಲು ಎಷ್ಟು ಗಂಟೆ? ಇವನ್ನು ಮಾಲೀಕರಿಗೆ ಮೊದಲೇ ಕೇಳಬೇಕು. ಚಾಲಕರಿಗೆ ಸಾಮಾನ್ಯವಾಗಿ ದಿನಕ್ಕೆ 8, ವಾರಕ್ಕೆ 48 ಗಂಟೆಯ ದುಡಿಮೆ ಎಂಬ ಮಿತಿಯನ್ನು 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯೇ ಹಾಕಿತ್ತು. ಕೇಳಲು ಸಂಕೋಚ ಬೇಡ.

ಹುಡುಗ ಉತ್ತರಿಸಲಿಲ್ಲ. ಲೆಕ್ಕದ ಕಾಗದ ಮಡಚಿ ಜೇಬಿಗಿಟ್ಟುಕೊಂಡ. ಗೇಟಿನ ಬಳಿ ತಾಯಿ, "ಸಾಲ ಇನ್ನೊಂದು ವರ್ಷ ಇರಲಿ ಬಿಡು ಮಗ" ಎಂದದ್ದು ಕೇಳಿಸಿತು.

ಪೋಷಕರೇ, ಮಗ ಡ್ರೈವರ್ ಆಗುತ್ತೇನೆಂದರೆ ಮುಖ ಸಿಂಡರಿಸಬೇಡಿ. ಸಂಬಳ ಎಷ್ಟು ಎನ್ನುವ ಮೊದಲು ಯಾವ ದಾರಿ, ಯಾವ ಹೊತ್ತು, ಪಕ್ಕದಲ್ಲಿ ಯಾರು ಎಂದು ಕೇಳಿ.