ಮೆಕ್ಕೆಜೋಳದ ನಡುವೆ ನಾಲ್ಕು ಗಿಡ

ಇದು ನಾನೇ ಮಾಡಿದ ತಪ್ಪಿನ ಕತೆ. ‘ಮನೆ ಮರ್ಯಾದೆ ಪತ್ರಿಕೆಗೆ ಹಾಕ್ತೀಯಾ?’ ಅಂತ ತಮ್ಮ ಮೊದಲು ಬೇಡವೆಂದ. ವಾರ ಬಿಟ್ಟು ಅವನೇ ಬಂದು, ‘ಬರಿ, ಹೆಸರು ಮಾತ್ರ ಬೇಡ’ ಅಂದ. ಹಾಗಾಗಿ ಬರೆಯುತ್ತಿದ್ದೇನೆ.

ನಮ್ಮದು ಎರಡೂವರೆ ಎಕರೆ. ಒಂದೆಕರೆ ಅಡಿಕೆ, ಉಳಿದದ್ದು ಮಳೆ ನಂಬಿದ ಹೊಲ. ಅಲ್ಲಿ ಮೆಕ್ಕೆಜೋಳ. ಜೋಳ ಆಳೆತ್ತರ ಬಂದ ಮೇಲೆ ಒಳಗೆ ಹೋಗುವವರು ಯಾರು? ಮೇಲುಗೊಬ್ಬರ ಕೊಟ್ಟವರು ಮತ್ತೆ ಹೋಗುವುದು ತೆನೆ ಮುರಿಯಲಿಕ್ಕೇ. ಎರಡು ವರ್ಷದ ಹಿಂದೆ ಹಂದಿ ನುಗ್ಗಿದೆಯೆಂದು ನೋಡಲು ಹೋದೆ. ನಡುಹೊಲದಲ್ಲಿ ಜೋಳದ ಬುಡ ಕಿತ್ತ ಜಾಗದಲ್ಲಿ ಬೇರೆ ನಾಲ್ಕು ಗಿಡ. ಬೆರಳು ಬಿಡಿಸಿದಂಥ ಎಲೆ, ಮೂಗಿಗೆ ಹೊಡೆಯುವ ವಾಸನೆ. ಗಾಂಜಾ! ಬುಡಕ್ಕೆ ಕೊಟ್ಟಿಗೆ ಗೊಬ್ಬರ ಬೇರೆ.

ಯಾರ ಕೆಲಸವೆಂದು ಹುಡುಕಬೇಕಾಗಲಿಲ್ಲ. ತಮ್ಮನ ಮಗ, ಹತ್ತೊಂಬತ್ತರ ಹುಡುಗ, ಕಾಲೇಜಿನಿಂದ ಬಂದವನು ದಿನಾ ಸಂಜೆ ಹೊಲದ ಕಡೆ ಹೋಗುತ್ತಿದ್ದ. ಹುಡುಗನಿಗೆ ಕೃಷಿಯಲ್ಲಿ ಆಸಕ್ತಿ ಬಂತೆಂದು ಖುಷಿಪಟ್ಟವನು ನಾನು. ಗಿಡ ಕಿತ್ತು ಗೊಬ್ಬರಗುಂಡಿಯಲ್ಲಿ ಹೂತೆ. ಅವನಿಗೆ ನಾಲ್ಕು ಬೈದೆ. ತಮ್ಮನಿಗೂ ಹೇಳಲಿಲ್ಲ. ‘ವಯಸ್ಸು, ಸರಿ ಹೋಗ್ತದೆ’ ಅಂದುಕೊಂಡೆ.

ಗಿಡ ಹೋಯಿತು, ಚಟ ಹೋಗಲಿಲ್ಲ. ಪೇಟೆಯಲ್ಲಿ ಪೊಟ್ಟಣ ಸಿಗುತ್ತಿತ್ತಂತೆ. ಎಂಟು ತಿಂಗಳಲ್ಲಿ ಹುಡುಗ ನಿದ್ದೆ ಬಿಟ್ಟ. ಊಟಕ್ಕೆ ಏನೋ ಬೆರೆಸಿದ್ದಾರೆ ಅಂತ ತಾಯಿ ಬಡಿಸಿದ್ದನ್ನು ದೂಡಿದ. ಯಾರೋ ಕರೆಯುತ್ತಾರೆಂದು ನಡುರಾತ್ರಿ ಎದ್ದು ತೋಟಕ್ಕೆ ಹೋಗುತ್ತಿದ್ದ. ನಾವು ಮಾಡಿದ್ದೇನು? ತಾಯತ ಕಟ್ಟಿಸಿದೆವು, ಹರಕೆ ಹೊತ್ತೆವು. ಅದರಲ್ಲೇ ಐದು ವಾರ ಕಳೆಯಿತು. ಕೊನೆಗೆ ಮನೋವೈದ್ಯರ ಹತ್ತಿರ ಹೋದಾಗ ಅವರು ಕೇಳಿದ ಮೊದಲ ಪ್ರಶ್ನೆ, ‘ಏನಾದರೂ ಸೇದ್ತಾನಾ?’ ತಮ್ಮ ‘ಇಲ್ಲ ಸ್ವಾಮಿ’ ಅಂದ. ಆಗ ನಾನು ಬಾಯಿಬಿಡಬೇಕಾಯಿತು. ತಮ್ಮ ನನ್ನ ಮುಖ ನೋಡಿದ್ದು ಇವತ್ತಿಗೂ ಮರೆಯಲಿಲ್ಲ.

‘ಹಿಂದೆ ಬೈರಾಗಿಗಳು ಸೇದುತ್ತಿರಲಿಲ್ಲವೇ? ಅವರಿಗೇನಾಯಿತು?’ ಎನ್ನುವವರಿದ್ದಾರೆ. ಸೇದಿದವರಿಗೆಲ್ಲ ಹುಚ್ಚು ಹಿಡಿಯುವುದಿಲ್ಲ, ನಿಜ. ಆದರೆ ಎಳೆ ವಯಸ್ಸಿನಲ್ಲಿ ಹಿಡಿದು ದಿನಾ ಸೇದುವವರಲ್ಲಿ ಇಂಥ ಕಾಯಿಲೆಯ ಅಪಾಯ ಹೆಚ್ಚು, ಮನೆತನದಲ್ಲಿ ಮೊದಲೇ ಮನೋರೋಗ ಇದ್ದರಂತೂ ಇನ್ನೂ ಹೆಚ್ಚು ಎಂದು ವೈದ್ಯರು ಹೇಳುತ್ತಾರೆ. ನೆನಪಿನ ಶಕ್ತಿ, ಓದು, ಕೆಲಸದ ಹುರುಪು ಕುಗ್ಗುತ್ತದೆ. ಬಿಟ್ಟ ಹೊಸದರಲ್ಲಿ ನಿದ್ದೆ ಬಾರದು, ಊಟ ಸೇರದು, ಸಿಟ್ಟು ಜಾಸ್ತಿ. ಅದನ್ನು ನಾವು ಹುಡುಗನ ಕೊಬ್ಬು ಎಂದುಕೊಳ್ಳುತ್ತೇವೆ.

ಹೆಂಡ ಇದಕ್ಕಿಂತ ಹೆಚ್ಚು ಮನೆ ಕೆಡಿಸಿದೆ ಎಂಬುದನ್ನೂ ಒಪ್ಪುತ್ತೇನೆ. 2019ರಲ್ಲಿ ಪ್ರಕಟವಾದ ಕೇಂದ್ರ ಸರಕಾರದ ಸಮೀಕ್ಷೆ ಪ್ರಕಾರ ದೇಶದಲ್ಲಿ ಮದ್ಯ ಕುಡಿಯುವವರು ಸುಮಾರು 16 ಕೋಟಿ, ಗಾಂಜಾ-ಭಂಗಿ ಬಳಸುವವರು ಸುಮಾರು 3.1 ಕೋಟಿ. ಆದರೆ ಹೆಂಡದ ಬಾಟಲಿ ನಮ್ಮ ಹೊಲದಲ್ಲಿ ಬೆಳೆಯುವುದಿಲ್ಲ. ಗಾಂಜಾ ಬೆಳೆಯುತ್ತದೆ. ರೈತರಾದ ನಮಗೆ ಇದು ಬೇರೆಯೇ ವಿಷಯ.

ಕಾನೂನು ಏನೆನ್ನುತ್ತದೆಂದು ಪರಿಚಯದ ವಕೀಲರಿಂದ ತಿಳಿದುಕೊಂಡೆ. ಮಾದಕ ವಸ್ತುಗಳ ಕಾಯಿದೆ ಬಂದದ್ದು 1985ರಲ್ಲಿ. ಗಾಂಜಾ ಗಿಡ ಬೆಳೆಸಿದರೆ ಹತ್ತು ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷ ರೂಪಾಯಿವರೆಗೆ ದಂಡ. ನಾಲ್ಕೇ ಗಿಡ ಅಂತ ರಿಯಾಯಿತಿ ಬರೆದಿಲ್ಲ. 54ನೇ ಕಲಮಿನ ಪ್ರಕಾರ ನಾವು ಸಾಗುವಳಿ ಮಾಡಿದ ಜಮೀನಿನಲ್ಲಿ ಗಿಡ ಸಿಕ್ಕರೆ, ಅದು ನಮ್ಮ ಕೃತ್ಯವಲ್ಲವೆಂದು ತೋರಿಸುವ ಹೊಣೆ ನಮ್ಮ ಮೇಲೇ ಬೀಳಬಹುದು. 46ನೇ ಕಲಮು ಇನ್ನೂ ಮುಖ್ಯ. ತನ್ನ ಜಮೀನಿನಲ್ಲಿ ಇಂಥ ಗಿಡವಿದೆಯೆಂದು ಗೊತ್ತಿದ್ದೂ ಪೊಲೀಸರಿಗಾಗಲಿ ಅಬಕಾರಿಯವರಿಗಾಗಲಿ ತಿಳಿಸದಿದ್ದರೆ ಜಮೀನುದಾರ ಶಿಕ್ಷೆಗೆ ಗುರಿ. ಗುಂಡಿಯಲ್ಲಿ ಹೂತು ಸುಮ್ಮನಿದ್ದ ನಾನು ಯಾವ ಸಾಲಿಗೆ ಸೇರಿದೆ, ನೀವೇ ಹೇಳಿ. ಶುಂಠಿಗೆಂದು ಹೊಲ ಗುತ್ತಿಗೆ ಕೊಟ್ಟು ಆ ಕಡೆ ತಿರುಗಿಯೂ ನೋಡದ ನಮ್ಮವರು ಇದನ್ನು ಸರಿಯಾಗಿ ಓದಿಕೊಳ್ಳಬೇಕು.

ಇಷ್ಟು ಬಿಗಿಯಾದ ಕಾನೂನಿನಲ್ಲೂ ಚಟಕ್ಕೆ ಬಿದ್ದವನಿಗೆ ಒಂದು ಬಾಗಿಲಿದೆ. ಸೇವನೆ ಅಥವಾ ಸಣ್ಣ ಪ್ರಮಾಣದ ಮೊಕದ್ದಮೆಯಲ್ಲಿ ಸಿಕ್ಕವನು ತಾನಾಗಿ ಸರಕಾರಿ ಅಥವಾ ಸರಕಾರ ಮಾನ್ಯ ಮಾಡಿದ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದರೆ 64ಎ ಕಲಮಿನಡಿ ಮೊಕದ್ದಮೆಯಿಂದ ಬಿಡುಗಡೆಯುಂಟು. ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ಅದು ಹೋಗಬಹುದು. ಗಿಡ ಬೆಳೆಸಿದವನಿಗೆ ಈ ರಿಯಾಯಿತಿ ಇಲ್ಲ.

ನನ್ನ ಅಭಿಪ್ರಾಯ ಇಷ್ಟೇ. ಮರ್ಯಾದೆಗೆ ಹೆದರಿ ಮುಚ್ಚಿಡುವುದೇ ನಮ್ಮ ಹಳ್ಳಿಗಳಲ್ಲಿ ಗಾಂಜಾಕ್ಕಿಂತ ದೊಡ್ಡ ತೊಂದರೆ. ಅದರಿಂದ ಹುಡುಗನೂ ಉಳಿಯುವುದಿಲ್ಲ, ಹೊಲದವನೂ ಉಳಿಯುವುದಿಲ್ಲ. ಜೋಳವಿರಲಿ, ಶುಂಠಿಯಿರಲಿ, ಗುತ್ತಿಗೆ ಕೊಟ್ಟ ಹೊಲವೇ ಇರಲಿ, ಹದಿನೈದು ದಿನಕ್ಕೊಮ್ಮೆ ನಡುವಿನ ಸಾಲಿನವರೆಗೆ ಹೋಗಿ ಬನ್ನಿ. ಗುತ್ತಿಗೆ ಮಾತು ಕಾಗದದಲ್ಲಿರಲಿ. ಗಿಡ ಕಂಡರೆ ಕೀಳಬೇಡಿ, ಸುಡಬೇಡಿ. ‘ಹೇಳಿದವನನ್ನೇ ಹಿಡಿದರೆ?’ ಎಂಬ ಹೆದರಿಕೆ ಸಹಜ. ಪಂಚಾಯ್ತಿ ಸದಸ್ಯರನ್ನೋ ಗ್ರಾಮ ಲೆಕ್ಕಿಗರನ್ನೋ ಜೊತೆಗಿಟ್ಟುಕೊಂಡು ಬರವಣಿಗೆಯಲ್ಲಿ ದೂರು ಕೊಟ್ಟು ರಸೀದಿ ಪಡೆಯಿರಿ. ಗೊತ್ತಾದರೆ ತಿಳಿಸುವ ಹೊಣೆ ಊರಿನ ಅಧಿಕಾರಿಗಳಿಗೂ ಇದೆ.

ಮನೆಯ ಹುಡುಗ ಸೇದುವುದು ಗೊತ್ತಾದರೆ ಹೊಡೆಯಬೇಡಿ, ಮನೆಯವರಿಗೆ ಅವತ್ತೇ ಹೇಳಿ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಿಗೆ ತೋರಿಸಿ. ಚಟ ಬಿಡಿಸುವ ಸಲಹೆಗೆ 14446, ಮನಸ್ಸಿನ ತೊಂದರೆಗೆ 14416, ಎರಡೂ ಪುಕ್ಕಟೆ ಫೋನ್. ಹರಕೆ ಬೇಕಾದರೆ ಆಮೇಲೆ ತೀರಿಸೋಣ.

ನಮ್ಮ ಹುಡುಗ ಈಗ ಮಾತ್ರೆ ನುಂಗುತ್ತಾನೆ, ನಿದ್ದೆ ಮಾಡುತ್ತಾನೆ, ಬೆಳಿಗ್ಗೆ ನನ್ನ ಜೊತೆ ತೋಟಕ್ಕೆ ಬರುತ್ತಾನೆ. ಕಾಲೇಜು ನಿಂತಿದೆ. ಮಾತು ಕಡಿಮೆ. ತಿಂಗಳಿಗೊಮ್ಮೆ ಆಸ್ಪತ್ರೆಗೆ ತಮ್ಮ ಕರೆದುಕೊಂಡು ಹೋಗುತ್ತಾನೆ. ಆ ನಾಲ್ಕು ಗಿಡ ಕಂಡ ಸಂಜೆಯೇ ನಾನು ತಮ್ಮನ ಮನೆಗೆ ಹೋಗಿದ್ದರೆ ಒಂದು ವರ್ಷ ಉಳಿಯುತ್ತಿತ್ತೋ ಏನೋ. ನೀವು ಹೋಗಿ.